ಹಾಲ್‌ನಲ್ಲಿರೋ ಪಿಸಿಗೆ ಯಾವ ಪ್ಲೇಯರ್ ಹಾಕ್ಲಿ? ಅಮ್ಮನೂ ಬಳಸೋ ಥರ ಇರ್ಬೇಕು

ಹನುಮಂತನಗರದ ಹುಡುಗ:
ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಸುಮ್ನೆ ಓದ್ಕೊಂಡಿದ್ದೆ, ಇವತ್ತು ತಲೆ ಕೆಟ್ಟು ಕೇಳ್ತಿದೀನಿ. ಎಸ್‌ಪಿ ರೋಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಂಡೆ, ಆಫೀಸ್‌ಗಳಿಂದ ಲಾಟ್‌ನಲ್ಲಿ ಬರುತ್ತಲ್ಲ ಆ ಥರದ್ದು, ಐ5-6500, 8 ಜಿಬಿ ರ‍್ಯಾಮ್, ವಿಂಡೋಸ್ 10. ಹಾಲ್‌ನಲ್ಲಿರೋ 43 ಇಂಚಿನ 4ಕೆ ಟಿವಿಗೆ ಎಚ್‌ಡಿಎಂಐ ಹಾಕಿದೀನಿ, ಟಿವಿಯಿಂದ ಆಪ್ಟಿಕಲ್ ಕೇಬಲ್ ಹಳೇ 5.1 ರಿಸೀವರ್‌ಗೆ ಹೋಗಿದೆ. ಮನೇಲಿರೋ ವಿಡಿಯೋ ಎಲ್ಲ ಒಂದೇ ಕಡೆ ಸಿಗ್ಲಿ ಅಂತ ಇಷ್ಟೆಲ್ಲಾ. ತಂಗಿ ಮದುವೆದು, ನನ್ನ ಮುಂಜಿದು (2001, ಮೂರು ವಿಸಿಡಿ, ಬೀರುವಲ್ಲಿ ಅಮ್ಮನ ರೇಷ್ಮೆ ಸೀರೆ ಕೆಳಗೆ ಇತ್ತು), ಆಮೇಲೆ ಒಂದು ರಾಶಿ ಸಿನಿಮಾ ಡಿವಿಡಿ.

ತೊಂದ್ರೆ ಏನಂದ್ರೆ ಮದುವೆ ವಿಡಿಯೋ 4ಕೆದು, ವಿಎಲ್‌ಸಿಲಿ ಹಾಕಿದ್ರೆ ಕ್ಯಾಮೆರಾ ಮಂಟಪದ ಮೇಲಿಂದ ನಿಧಾನಕ್ಕೆ ತಿರುಗೋವಾಗ ಕಟ್ ಕಟ್ ಅಂತ ಜಟ್ಕಾ ಗಾಡಿ ಥರ ಎಳಿಯುತ್ತೆ. ಕ್ಯಾಮೆರಾದವ್ರು ಎಡಿಟ್ ಮಾಡದೇ ಇರೋ ಕ್ಲಿಪ್ಪುಗಳ್ನೂ ಹಾರ್ಡ್ ಡಿಸ್ಕಲ್ಲಿ ಕೊಟ್ಟಿದಾರೆ, ಅದಂತೂ ಫೋಟೋ ಸ್ಲೈಡ್ ಶೋ. ಇನ್ನೊಂದು, ಅಮ್ಮಂಗೆ ಮೌಸ್ ಹಿಡಿಯಕ್ಕೆ ಬರಲ್ಲ, ರಿಮೋಟ್ ಆದ್ರೆ ಓಕೆ. ವಿಎಲ್‌ಸಿ ಬಿಟ್ಟು ಬೇರೆ ಯಾವ್ದು ಹಾಕ್ಲಿ? ಕೋಡಿ, ಪ್ಲೆಕ್ಸ್, ಎಂಪಿಸಿ, ಎಂಪಿವಿ ಅಂತ ಹತ್ತು ಹೆಸರು ಕೇಳಿದೀನಿ, ಹತ್ತನ್ನೂ ಹಾಕಿ ನೋಡೋ ಪುರುಸೊತ್ತಿಲ್ಲ.

ಡಿಕಾಕ್ಷನ್ ಗುರು:
ಮಗಾ ವಿಎಲ್‌ಸಿ ಅಂದ್ರೆ ಸ್ವಿಸ್ ಚಾಕು ಇದ್ದಂಗೆ, ಎಲ್ಲಾ ಕತ್ತರ್ಸುತ್ತೆ, ಯಾವ್ದೂ ಚೆನ್ನಾಗಿ ಕತ್ತರ್ಸಲ್ಲ. ಎಂಪಿಸಿ-ಎಚ್‌ಸಿ ಹಾಕು, ಹತ್ತು ವರ್ಷದಿಂದ ಅದನ್ನೇ ಬಳಸ್ತಿದೀನಿ.

ಲಿನಕ್ಸ್ ಲಿಂಗು:
ಗುರೂ, ಹಳೇ ಎಂಪಿಸಿ-ಎಚ್‌ಸಿ 2017ರಲ್ಲೇ 1.7.13ಕ್ಕೆ ನಿಂತೋಯ್ತು. ಈಗ ಬರ್ತಿರೋದು ಬೇರೆಯವ್ರು ಮುಂದುವರ್ಸಿರೋ ಫೋರ್ಕು. ಹತ್ತು ವರ್ಷದಿಂದ ಅಪ್‌ಡೇಟ್ ಮಾಡದೇ ಇದ್ರೆ ಮೊದ್ಲು ನಿಮ್ದನ್ನ ಬದಲಾಯ್ಸಿ 😄

ಹನುಮಂತನಗರದವ್ರೇ, ನಿಮ್ಮ ಮಿಷಿನ್‌ಗೆ ವಿಂಡೋಸ್ ಯಾಕೆ? ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗ್ದಿದೆ, 6500ಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ಲಿಬ್ರೆಎಲೆಕ್ ಅಂತ ಕೋಡಿಗೋಸ್ಕರನೇ ಮಾಡಿರೋ ಪುಟ್ಟ ಲಿನಕ್ಸ್ ಇದೆ, ಅದನ್ನ ಪೆನ್‌ಡ್ರೈವಿಗೆ ಬರೆದು ಬೂಟ್ ಮಾಡಿ, ಆನ್ ಮಾಡಿದ್ರೆ ಸೀದಾ ಕೋಡಿನೇ ಬರುತ್ತೆ, ಡೆಸ್ಕ್‌ಟಾಪ್ ಇಲ್ಲ, ಆಂಟಿವೈರಸ್ ಇಲ್ಲ, ಅಪ್‌ಡೇಟ್ ಆಗ್ತಿದೆ ಆಫ್ ಮಾಡಬೇಡಿ ಅನ್ನೋ ನೀಲಿ ಸ್ಕ್ರೀನೂ ಇಲ್ಲ.

ಸುಮ್ನಿರೋ ಸುಬ್ಬ:
ಇಷ್ಟೆಲ್ಲಾ ಯಾಕ್ರೀ, ಒಂದು ಟಿವಿ ಸ್ಟಿಕ್ ತಗೊಂಡು ಚುಚ್ಚಿ ಬಿಡಿ. ಮುಗೀತು.

ಲಿನಕ್ಸ್ ಲಿಂಗು:
ಸುಬ್ಬಣ್ಣ, ಒಟಿಟಿಗಾದ್ರೆ ಸ್ಟಿಕ್ಕೇ ಸರಿ, ನಾನೂ ಒಪ್ತೀನಿ. ಪಿಸಿಲಿ ಒಟಿಟಿ ಮಾಡಕ್ಕೆ ಹೋದ್ರೆ ಡಿಆರ್‌ಎಂ (ಕಾಪಿ ಮಾಡದಂಗೆ ಹಾಕಿರೋ ಬೀಗ) ಕಾಟ, ಲಿನಕ್ಸ್ ಬ್ರೌಸರ್‌ನಲ್ಲಿ ಆ ಬೀಗದ ಕೆಳಗಿನ ಮಟ್ಟ, ವೈಡ್‌ವೈನ್ ಎಲ್3, ಮಾತ್ರ ಸಿಗೋದು, 4ಕೆ ಅಂತ ದುಡ್ಡು ಕಟ್ಟಿ ಮಸುಕು ಮಸುಕು ನೋಡ್ಬೇಕು. ಆದ್ರೆ ಇವ್ರು ಕೇಳ್ತಿರೋದು ಒಟಿಟಿ ಅಲ್ಲ, ಮನೆ ವಿಡಿಯೋ, ವಿಸಿಡಿ, ಡಿವಿಡಿ. ಸ್ಟಿಕ್ಕಿಗೆ ವಿಸಿಡಿ ಎಲ್ಲಿ ಚುಚ್ತೀರಾ?

ಟೈಮ್‌ಲೈನ್ ಅಕ್ಕ:
ಎಲ್ರೂ ಸ್ವಲ್ಪ ತಡೀರಪ್ಪಾ. ನಂದು ಎಡಿಟಿಂಗ್ ಕೆಲ್ಸ, ವರ್ಷಕ್ಕೆ ಮೂವತ್ತು ನಲವತ್ತು ಮದುವೆ ಕತ್ತರಿಸ್ತೀನಿ, ಈ ದೂರು ವಾರಕ್ಕೊಂದು ಬರುತ್ತೆ. ಜ್ವರ ಯಾವ್ದು ಅಂತ ನೋಡ್ದೆ ಮಾತ್ರೆ ಬರೀಬೇಡಿ.

ಹುಡುಗಾ, ನೀನು ಮೂರು ವಿಷ್ಯ ನೋಡಿ ಹೇಳು. ವಿಎಲ್‌ಸಿಲಿ ವಿಡಿಯೋ ಓಡ್ತಿರೋವಾಗ ಕಂಟ್ರೋಲ್ ಜೆ ಒತ್ತು, ಕೋಡೆಕ್ (ವಿಡಿಯೋನ ಒತ್ತಿ ಚಿಕ್ಕದು ಮಾಡಿರೋ ವಿಧಾನ), ಫ್ರೇಮ್ ರೇಟ್, ಡಿಕೋಡೆಡ್ ಫಾರ್ಮ್ಯಾಟ್ ಈ ಮೂರು ಸಾಲು ಬರ್ಕೋ. ಎಡಿಟ್ ಆಗಿರೋದಕ್ಕೂ ಎಡಿಟ್ ಆಗದೇ ಇರೋದಕ್ಕೂ ಬೇರೆ ಬೇರೆ ನೋಡು. ಆಮೇಲೆ ಟಾಸ್ಕ್ ಮ್ಯಾನೇಜರ್ ತೆಗ್ದು ಸಿಪಿಯು ಎಷ್ಟಿದೆ ಅಂತ. ಕೊನೇದಾಗಿ ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಬರುತ್ತೆ ಅನ್ನೋದು, ಎಷ್ಟು ಹರ್ಟ್ಜ್ ಅಂತಿದೆ? ಟಿವಿ ಮೇಲೆ ಮೌಸ್ ಆಡಿಸಿದ್ರೆ ಸಲೀಸಾಗಿ ಹೋಗುತ್ತಾ, ಎಳ್ಕೊಂಡ್ ಎಳ್ಕೊಂಡ್ ಬರುತ್ತಾ?

ಹನುಮಂತನಗರದ ಹುಡುಗ:
ಅಕ್ಕ, ನೋಡ್ದೆ. ಎಡಿಟ್ ಆಗಿರೋದು ಎಚ್264, 25 ಫ್ರೇಮು, 4:2:0. ಸಿಪಿಯು 20 ದಾಟ್ತಿಲ್ಲ, ಆದ್ರೂ ಜಟ್ಕಾ. ಎಡಿಟ್ ಆಗದೇ ಇರೋ ಕ್ಲಿಪ್ಪು ಎಚ್‌ಇವಿಸಿ, 50 ಫ್ರೇಮು, ಪ್ಲೇನರ್ 4:2:2 10-ಬಿಟ್ ಅಂತಿದೆ, ಸಿಪಿಯು 100ಕ್ಕೆ ಹೋಗಿ ಕೂತಿದೆ, ಫ್ಯಾನು ಮಿಕ್ಸಿ ಥರ ಕೂಗುತ್ತೆ. ರಿಫ್ರೆಶ್ ರೇಟ್ 30 ಹರ್ಟ್ಜ್. ಮೌಸ್ ಎಳ್ಕೊಂಡೇ ಬರುತ್ತೆ!! ನಿಮಗೆ ಹೆಂಗೆ ಗೊತ್ತಾಯ್ತು?

ಟೈಮ್‌ಲೈನ್ ಅಕ್ಕ:
ಅದೇ. ನಿಂಗೆ ಇರೋದು ಒಂದಲ್ಲ, ಎರಡು ಬೇರೆ ಬೇರೆ ಕಾಯಿಲೆ, ಎರಡರಲ್ಲೂ ವಿಎಲ್‌ಸಿದು ಏನೂ ತಪ್ಪಿಲ್ಲ ಪಾಪ.

ಮೊದಲ್ನೇದು. ನಿನ್ನ ಡೆಸ್ಕ್‌ಟಾಪಿನ ಎಚ್‌ಡಿಎಂಐ 1.4, ಅದ್ರಲ್ಲಿ 4ಕೆ ಅಂದ್ರೆ ಹೆಚ್ಚಂದ್ರೆ 30 ಹರ್ಟ್ಜ್. ನಮ್ ಕಡೆ ಮದುವೆ ವಿಡಿಯೋ ತೆಗೆಯೋರು ಸಾಮಾನ್ಯವಾಗಿ 25 ಇಲ್ಲಾ 50 ಫ್ರೇಮಲ್ಲಿ ತೆಗೀತಾರೆ, ಹಳೇ ಪಾಲ್ (ಸೆಕೆಂಡಿಗೆ 25 ಫ್ರೇಮಿನ ಪದ್ಧತಿ) ಟಿವಿ ಕಾಲದ ಅಭ್ಯಾಸ, ಟ್ಯೂಬ್‌ಲೈಟ್‌ನೂ 50 ಹರ್ಟ್ಜ್ ಕರೆಂಟಲ್ಲೇ ಮಿನುಗುತ್ತಲ್ಲ, ಅದಕ್ಕೂ ಹೊಂದುತ್ತೆ. ಈಗ 25 ಫ್ರೇಮನ್ನ 30ರ ಗೂಡಿಗೆ ತುಂಬ್ಸು ನೋಡಣ. ಪ್ರತಿ ಐದು ಫ್ರೇಮಿಗೆ ಒಂದನ್ನ ಎರಡು ಸಲ ತೋರಿಸ್ಬೇಕು, ಅಂದ್ರೆ ಸೆಕೆಂಡಿಗೆ ಐದು ಸಲ ಜಟ್ಕಾ. ವಧು ಸುಮ್ನೆ ಕೂತಿರೋವಾಗ ಕಾಣಲ್ಲ, ಕ್ಯಾಮೆರಾ ತಿರುಗಿದ ತಕ್ಷಣ ಕಾಣುತ್ತೆ. ಪ್ಲೇಯರ್ ಬದಲಾಯ್ಸಿದ್ರೆ ಇದು ಹೋಗಲ್ಲ, ಟಿವಿಗೆ 25 ಇಲ್ಲಾ 50 ಹರ್ಟ್ಜ್ ಕಳ್ಸಿದ್ರೆ ಮಾತ್ರ ಹೋಗುತ್ತೆ. ಸಿನಿಮಾಗಳದ್ದೂ ಇದೇ ಗೋಳು, ಬ್ಲೂರೇ 23.976 ಫ್ರೇಮು, ಅದನ್ನ 60ರಲ್ಲಿ ತೋರ್ಸಿದ್ರೆ ಒಂದು ಫ್ರೇಮು ಮೂರು ಸಲ ಇನ್ನೊಂದು ಎರಡು ಸಲ. ನಮ್ ಡಿವಿಡಿಗಳು ಪಾಲ್ ಆಗಿದ್ರೆ 25.

ಎರಡನೇದು. ಎಡಿಟ್ ಆಗದ ಕ್ಲಿಪ್ಪು 10-ಬಿಟ್ 4:2:2. ನಿನ್ನ 6ನೇ ಜನರೇಶನ್ ಗ್ರಾಫಿಕ್ಸು 8-ಬಿಟ್ ಎಚ್‌ಇವಿಸಿ ಮಾತ್ರ ತಾನೇ ಪೂರ್ತಿ ಬಿಡಿಸುತ್ತೆ. ಮಾಮೂಲಿ 10-ಬಿಟ್ 7ನೇ ಜನರೇಶನ್‌ಗೆ ಬಂತು. ಆದ್ರೆ 4:2:2, ಅಂದ್ರೆ ಮಾಮೂಲಿ 4:2:0ಗಿಂತ ಬಣ್ಣದ ವಿವರ ಜಾಸ್ತಿ ಇಟ್ಕೊಳ್ಳೋದು, ಇನ್ನೂ ದೊಡ್ಡ ಗಂಟು, ಡೆಸ್ಕ್‌ಟಾಪ್ ಇಂಟೆಲ್‌ನಲ್ಲಿ 11ನೇ ಜನರೇಶನ್ನಿಂದ. ಅದು ನೋಡಕ್ಕೆ ಅಂತ ಮಾಡಿರೋ ಫೈಲೇ ಅಲ್ಲ ಕಣೋ, ನಾವು ಬಣ್ಣ ಸರಿಮಾಡಕ್ಕೆ ಇಟ್ಕೊಳ್ಳೋ ಹಸಿ ಹಿಟ್ಟು. ಹ್ಯಾಂಡ್‌ಬ್ರೇಕ್ ಅಂತ ವಿಡಿಯೋ ಫಾರ್ಮ್ಯಾಟ್ ಬದಲಾಯ್ಸೋ ಸಾಫ್ಟ್‌ವೇರ್ ಇದೆ, ಅದ್ರಲ್ಲಿ ರಾತ್ರಿ ಹಾಕಿ ಮಲ್ಕೋ, 1080ಪಿ ಎಚ್264 8-ಬಿಟ್ ಮಾಡಿ ಇನ್ನೊಂದು ಫೋಲ್ಡರಲ್ಲಿ ಇಡು. ಮೂಲ ಕ್ಲಿಪ್ಪು ಮಾತ್ರ ಅಳಿಸ್ಬೇಡ, ಮುಂದೆ ಯಾವಾಗ್ಲೋ ಬೇಕಾಗುತ್ತೆ.

ಡಿಕಾಕ್ಷನ್ ಗುರು:
ಅಕ್ಕ ಸೂಪರ್ 🙏 ಆದ್ರೂ ಹೇಳ್ತೀನಿ, ಎಂಪಿಸಿ-ಎಚ್‌ಸಿಲಿ ಫುಲ್‌ಸ್ಕ್ರೀನ್ ಹೋದ ತಕ್ಷಣ ರಿಫ್ರೆಶ್ ರೇಟ್ ತಾನೇ ಬದಲಾಯ್ಸೋ ಆಪ್ಷನ್ ಇದೆ.

ಟೈಮ್‌ಲೈನ್ ಅಕ್ಕ:
ಇದೆ, ನಿಜ, ನನ್ನ ಟೇಬಲ್ ಮೇಲೆ ನಾನೂ ಅದನ್ನೇ ಬಳಸ್ತೀನಿ. ಎಂಪಿವಿಲಿ ಚಿತ್ರ ಇನ್ನೂ ಚೆಂದ ಬರುತ್ತೆ, ಕೀಬೋರ್ಡಲ್ಲಿ ಐ (i) ಒತ್ತಿದ್ರೆ ಎಷ್ಟು ಫ್ರೇಮ್ ಬಿದ್ದೋಯ್ತು ಅಂತ ಸ್ಕ್ರೀನ್ ಮೇಲೇ ಬರುತ್ತೆ. ಆದ್ರೆ ಅವ್ರ ಅಮ್ಮ ಎಂಪಿವಿ ಕಾನ್ಫಿಗ್ ಫೈಲ್ ಬರೀತಾರಾ? ಸೋಫಾದಲ್ಲಿ ಕೂತ್ಕೊಂಡು, ಕನ್ನಡಕ ಹಾಕದೇ, ನಾಲ್ಕು ಬಾಣದ ಬಟನ್ನು ಒಂದು ಓಕೆ ಬಟನ್ನಲ್ಲಿ ಆಗ್ಬೇಕು. ಅದಕ್ಕೆ ಕೋಡಿ. ಹುಟ್ಟಿದ್ದೇ ಟಿವಿ ಮುಂದೆ ಅದು, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಗೇಮ್ ಡಬ್ಬದಲ್ಲಿ ಓಡ್ಸಕ್ಕೆ ಮಾಡಿದ್ದು, ಎಕ್ಸ್‌ಬಿಎಂಸಿ ಅಂತಿದ್ರು, 2014ರಲ್ಲಿ ಹೆಸರು ಬದಲಾಯ್ತು.

ಕೋಡಿಲಿ ಪ್ಲೇಯರ್ ಸೆಟ್ಟಿಂಗ್‌ಗೆ ಹೋಗಿ ಅಡ್ಜಸ್ಟ್ ಡಿಸ್ಪ್ಲೇ ರಿಫ್ರೆಶ್ ರೇಟ್ ಅನ್ನೋದನ್ನ ಆನ್ ಸ್ಟಾರ್ಟ್ ಸ್ಟಾಪ್ ಮಾಡು. ವಿಂಡೋಸ್ ಡೆಸ್ಕ್‌ಟಾಪನ್ನ 1080ಪಿ 60ಕ್ಕೆ ಇಳ್ಸು, ಮೆನು ಬೆಣ್ಣೆ ಥರ ಜಾರುತ್ತೆ. ಆಮೇಲೆ ವೈಟ್‌ಲಿಸ್ಟ್ (ಕೋಡಿ ಯಾವ್ಯಾವ ರೇಟ್ ಬಳಸ್ಬೋದು ಅನ್ನೋ ಪಟ್ಟಿ) ಅಂತಿದೆ ನೋಡು, ಅಲ್ಲಿ 1080ಪಿಯ 23.976, 24, 50, 60 ಮತ್ತೆ 4ಕೆಯ 24, 25, 30 ಟಿಕ್ ಮಾಡು. ಬಾಕಿದು ಅದೇ ನೋಡ್ಕೊಳ್ಳುತ್ತೆ. (43 ಇಂಚಿಗೆ ಎಂಟಡಿ ದೂರದಿಂದ 4ಕೆಗೂ 1080ಪಿಗೂ ವ್ಯತ್ಯಾಸ ಹೇಳೋರಿಗೆ ನಾನು ಎಸ್‌ಎಲ್‌ವಿಲಿ ದೋಸೆ ಕೊಡಿಸ್ತೀನಿ, ಅದು ಬೇರೆ ವಿಷ್ಯ.)

ಸೌಂಡ್ ಸೀನ:
ಎಲ್ರೂ ಚಿತ್ರದ ಹಿಂದೆ ಬಿದ್ದಿದೀರ, ಸೌಂಡಿನ ಬಗ್ಗೆ ಒಬ್ರೂ ಮಾತಾಡಿಲ್ಲ, ಯಾವಾಗ್ಲೂ ಇದೇ ಕಥೆ.

ಪಿಸಿ, ಟಿವಿ, ಆಪ್ಟಿಕಲ್, ರಿಸೀವರ್ ಈ ದಾರೀಲಿ 5.1 ಅಂದ್ರೆ ಡಾಲ್ಬಿ ಡಿಜಿಟಲ್ಲು ಮತ್ತೆ ಮಾಮೂಲಿ ಡಿಟಿಎಸ್ ಎರಡೇ ದಾಟೋದು. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎಲ್ಲ ಆಪ್ಟಿಕಲ್‌ನಲ್ಲಿ ಹಿಡಿಯಲ್ಲ. ಅದೂ ಕೆಲವು ಟಿವಿ ಎಚ್‌ಡಿಎಂಐಲಿ ಬಂದಿದ್ದನ್ನ ಆಪ್ಟಿಕಲ್‌ಗೆ ಬಿಡೋವಾಗ ಸ್ಟೀರಿಯೋ ಮಾಡಿಬಿಡುತ್ತೆ, ಟಿವಿ ಮೆನುಲಿ ಡಿಜಿಟಲ್ ಔಟ್ ಪಾಸ್‌ಥ್ರೂ (ಸೌಂಡನ್ನ ಬಿಡಿಸದೇ ಹಂಗೇ ರಿಸೀವರ್‌ಗೆ ಕಳ್ಸೋದು) ಇದ್ಯಾ ನೋಡಿ. ಕೋಡಿಲಿ ಪಾಸ್‌ಥ್ರೂ ಆನ್ ಮಾಡಿ ಎಸಿ3 (ಡಾಲ್ಬಿ ಡಿಜಿಟಲ್ಲೇ), ಡಿಟಿಎಸ್ ಎರಡಕ್ಕೆ ಮಾತ್ರ ಟಿಕ್ ಹಾಕಿ, ಚಾನೆಲ್ 2.0 ಇಡಿ, ಆವಾಗ ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್ ಅನ್ನೋ ಆಪ್ಷನ್ ಬರುತ್ತೆ, ಅದನ್ನೂ ಆನ್ ಮಾಡಿದ್ರೆ ಬೇರೆ ಥರದ 5.1 ಇರೋ ಫೈಲೂ ಡಾಲ್ಬಿ ಆಗಿ ಹೋಗುತ್ತೆ. ಸಿನಿಮಾಲಿ ಮಾತು ಕೇಳಲ್ಲ ಬರೀ ಫೈಟಿಂಗ್ ಕೇಳುತ್ತೆ ಅಂತ ಬೈಯೋರ ಮನೇಲೆಲ್ಲ ನೋಡಿದೀನಿ, 5.1 ಅಂತ ಸೆಟ್ಟಿಂಗ್ ಹಾಕಿರ್ತಾರೆ, ಇರೋದು ಎರಡು ಸ್ಪೀಕರು. ಮಾತು ಬರೋ ಸೆಂಟರ್ ಚಾನೆಲ್ ಗಾಳಿಗೆ ಹೋಯ್ತು.

ಇನ್ನೊಂದು ಈಗ್ಲೇ ಹೇಳ್ಬಿಡ್ತೀನಿ. ಪಾಸ್‌ಥ್ರೂ ಆನ್ ಇದ್ರೆ ಪಿಸಿ ರಿಮೋಟಲ್ಲಿ ವಾಲ್ಯೂಮ್ ಒತ್ತಿದ್ರೆ ಏನೂ ಆಗಲ್ಲ, ರಿಸೀವರ್ ರಿಮೋಟೇ ಬೇಕು. ಅಮ್ಮ ಎರಡು ರಿಮೋಟ್ ಹಿಡ್ಕೊಳ್ತಾರಾ ಕೇಳಿ.

ಹನುಮಂತನಗರದ ಹುಡುಗ:
ಸೀನಣ್ಣ, ಮದುವೆ ವಿಡಿಯೋ 5.1 ಬರುತ್ತಾ ಹಂಗಾದ್ರೆ?

ಸೌಂಡ್ ಸೀನ:
ಅದು ಸ್ಟೀರಿಯೋ ಕಣಪ್ಪಾ, ನಾದಸ್ವರ ಎರಡೂ ಕಡೆಯಿಂದ ಒಂದೇ ಸಮ ಬರುತ್ತೆ, ಇಲ್ಲದೇ ಇರೋ 5.1 ಎಲ್ಲಿಂದ ತರ್ಲಿ.

ಮಹಡಿ ಮನೆ ಮಾಧವ:
ನಮ್ಮನೇಲಿ ಬೆಡ್‌ರೂಮಲ್ಲೂ ಒಂದು ಟಿವಿ ಇದೆ, ಕೋಡಿ ಎರಡು ಕಡೆ ಹಾಕಿದ್ರೆ ಎಲ್ಲಿವರೆಗೂ ನೋಡಿದ್ವಿ ಅನ್ನೋದು ಒಂದರಲ್ಲಿ ಇದ್ದಿದ್ದು ಇನ್ನೊಂದರಲ್ಲಿ ಇರಲ್ಲ. ನಾನು ಜೆಲ್ಲಿಫಿನ್ ಹಾಕಿದೀನಿ, ಒಂದು ಕಡೆ ಇಟ್ಟು ಎಲ್ಲಾ ಟಿವಿಗೂ ಕಳ್ಸೋ ಸರ್ವರ್ ಅದು. ಎಂಬಿ (Emby) ಅನ್ನೋ ಅಂಥದ್ದೇ ಸಾಫ್ಟ್‌ವೇರಿನವ್ರು ಕೋಡ್ ಮುಚ್ಕೊಂಡಾಗ 2018ರ ಕೊನೆಗೆ ಅದ್ರಿಂದ ಒಡೆದು ಬಂದಿದ್ದು, ಪೂರ್ತಿ ಫ್ರೀ, ಅಕೌಂಟೂ ಬೇಡ. ಪ್ಲೆಕ್ಸ್ ನೋಡಕ್ಕೆ ಇನ್ನೂ ನೀಟು, ಅದಕ್ಕೆ ಅವ್ರ ಅಕೌಂಟ್ ಬೇಕು, 2025ರ ಏಪ್ರಿಲ್‌ನಿಂದ ಮನೆ ಹೊರಗಿಂದ ನೋಡಕ್ಕೆ ದುಡ್ಡೂ ಕೊಡ್ಬೇಕು. ಒಂದೇ ಟಿವಿ ಇರೋರಿಗೆ ಸರ್ವರ್ ಗಿರ್ವರ್ ಬೇಡ, ಮದುವೆ ಮನೆಗೆ ಎರಡೆರಡು ಅಡಿಗೆ ಭಟ್ಟರು ಇದ್ದಂಗೆ.

ಬಾಲಾಜಿ ವಿಡಿಯೋ ಲೈಬ್ರರಿ ಮೆಂಬರ್:
ಕೋಡಿ ಹಾಕ್ತೀರಾ ಸರಿ, ಸಿನಿಮಾ ಫೈಲಿನ ಹೆಸರಲ್ಲಿ ವರ್ಷ ಹಾಕೋದು ಮರೀಬೇಡಿ. ನಾನು ನಾಗರಹಾವು ಅಂತ ಬರೀ ಹೆಸರಿಟ್ಟು ಲೈಬ್ರರಿಗೆ ಸೇರಿಸ್ದೆ, ಇದ್ದಿದ್ದು 1972ರ ಪುಟ್ಟಣ್ಣ ಕಣಗಾಲರದ್ದು, ಪೋಸ್ಟರ್ ಬಂದಿದ್ದು 2016ರ ಗ್ರಾಫಿಕ್ಸ್ ಹಾವು. ನಮ್ಮಪ್ಪ ರಾಮಾಚಾರಿನ ನೋಡಣ ಅಂತ ಕೂತಿದ್ದೋರು ಪೋಸ್ಟರ್ ನೋಡಿ ಇದಲ್ಲ ಅಂತ ಎದ್ದೋದ್ರು, ಒಳಗೆ ಅದೇ ಸಿನಿಮಾ ಇದೆ ಅಂದ್ರೂ ನಂಬಲ್ಲ. ತಮಾಷೆ ಏನಂದ್ರೆ ಆ 2016ರದ್ದರ ನಿರ್ದೇಶಕರು ಕೋಡಿ ರಾಮಕೃಷ್ಣ. ಕೋಡಿ ತಮ್ಮೋರನ್ನ ಬಿಟ್ಕೊಡ್ಲಿಲ್ಲ 😂

ಹೆಸರು, ಪಕ್ಕದಲ್ಲಿ ಬ್ರಾಕೆಟ್‌ನಲ್ಲಿ ವರ್ಷ, ಅಷ್ಟಿದ್ರೆ ಸಾಕು. ಮನೆ ವಿಡಿಯೋ ಫೋಲ್ಡರಿಗೆ ಮಾತ್ರ ಕಂಟೆಂಟ್ "ನನ್" (None, ಏನೂ ಇಲ್ಲ) ಅಂತ ಇಡಿ, ಇಲ್ಲಾಂದ್ರೆ ನಿಮ್ಮ ಮುಂಜಿಗೂ ಯಾವ್ದೋ ಸಿನಿಮಾ ಪೋಸ್ಟರ್ ಅಂಟ್ಸಿಬಿಡುತ್ತೆ.

ಮೇಷ್ಟ್ರ ಮಗಳು:
ಒಂದು ಅಡ್ಡ ಪ್ರಶ್ನೆ ಕೇಳ್ಬೋದಾ? ನಮ್ ತಾತನ ಹತ್ರ ಅವ್ರ ಹಳೇ ಕಥೆಗಳನ್ನೆಲ್ಲ ಹೇಳಿಸಿ ರೆಕಾರ್ಡ್ ಮಾಡಿದ್ವಿ, ಅವ್ರ ಮಾತು ಈಗ ಅಷ್ಟು ಸ್ಪಷ್ಟ ಇಲ್ಲ, ಅದಕ್ಕೆ ಅಪ್ಪ ಕೂತ್ಕೊಂಡು ಕನ್ನಡದಲ್ಲೇ ಸಬ್‌ಟೈಟಲ್ ಟೈಪ್ ಮಾಡಿದಾರೆ, ಎರಡು ತಿಂಗಳ ಕೆಲ್ಸ. ಯಾವ ಪ್ಲೇಯರಲ್ಲಿ ಹಾಕಿದ್ರೂ ಕನ್ನಡದ ಬದ್ಲು ಇಂಗ್ಲಿಷ್ ಅಕ್ಷರ, ಚುಕ್ಕಿ, ಪೌಂಡ್ ಗುರುತು, ಏನೇನೋ ಬರುತ್ತೆ. ಕೋಡಿಲಿ ಸರಿಹೋಗುತ್ತಾ?

ಲಿನಕ್ಸ್ ಲಿಂಗು:
ನಿಮ್ಮಪ್ಪ ನುಡಿ ಇಲ್ಲಾ ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿರ್ಬೇಕಲ್ವಾ ಮೇಡಂ? ಅದು ಯೂನಿಕೋಡ್ ಅಲ್ಲ, ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಕೋಡೇ, ಮೇಲೆ ಕನ್ನಡದ ಮುಖವಾಡ ಹಾಕಿರೋದು ಫಾಂಟು. ಯಾವ ಪ್ಲೇಯರೂ ಅದನ್ನ ಕನ್ನಡ ಅಂತ ಗುರುತು ಹಿಡಿಯಲ್ಲ. ಟೈಮ್ ಇರೋ ಸಾಲುಗಳನ್ನ ಮುಟ್ಟದೇ ಮಾತಿನ ಸಾಲುಗಳನ್ನ ಮಾತ್ರ ಕನ್ವರ್ಟರಲ್ಲಿ ಯೂನಿಕೋಡ್ ಮಾಡಿ, ಯುಟಿಎಫ್-8ನಲ್ಲಿ ಸೇವ್ ಮಾಡಿ. ಎರಡು ತಿಂಗಳ ಕೆಲ್ಸ ಎಲ್ಲೂ ಹೋಗಲ್ಲ, ಭಯ ಬೇಡ.

ಒತ್ತಕ್ಷರ ಪಕ್ಕಕ್ಕೆ ಬಿದ್ದು ಒದ್ದಾಡಿದ್ರೆ ಎಂಪಿವಿಲಿ ಹಾಕಿ ನೋಡಿ, ಅದ್ರೊಳಗೆ ಸಬ್‌ಟೈಟಲ್ ಬರೆಯೋ ಲಿಬಾಸ್ ಅನ್ನೋ ಭಾಗ ಕನ್ನಡ ಸರಿಯಾಗಿ ಜೋಡಿಸುತ್ತೆ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಇರ್ಲಿ, ವಿಂಡೋಸಲ್ಲಾದ್ರೆ ನಿರ್ಮಲಾ ಅಂತ ಒಂದು ಮೊದ್ಲೇ ಇರುತ್ತೆ.

ಮೇಷ್ಟ್ರ ಮಗಳು:
ಹೌದು ನುಡಿನೇ!! ಅಪ್ಪಂಗೆ ಹೇಳಿದ್ರೆ "ನಂದೇನು ತಪ್ಪಿಲ್ಲ, ಆಫೀಸಲ್ಲಿ ಹಂಗೇ ಕಲ್ಸಿದ್ದು" ಅಂತಾರೆ. ಥ್ಯಾಂಕ್ಸ್ ಸರ್.

ಹನುಮಂತನಗರದ ಹುಡುಗ:
ಒಂದು ವಾರ ಆಯ್ತು, ಏನಾಯ್ತು ಅಂತ ಬರೀತೀನಿ. ಕೋಡಿ 21 ಹಾಕ್ದೆ, ಸದ್ಯಕ್ಕೆ ವಿಂಡೋಸ್ ಮೇಲೇನೇ (ಲಿಂಗು ಅವ್ರೇ ಬೈಬೇಡಿ, ನೆಟ್ಟಿನ ಕೇಬಲ್ ಕಿತ್ತಿಟ್ಟಿದೀನಿ, ಪೋಸ್ಟರ್ ಬೇಕಾದಾಗ ಮಾತ್ರ ಹಾಕ್ತೀನಿ). ಅಕ್ಕ ಹೇಳ್ದಂಗೆ ವೈಟ್‌ಲಿಸ್ಟ್ ಮಾಡ್ದೆ. ಮದುವೆ ವಿಡಿಯೋ ಹಾಕಿ ಕೀಬೋರ್ಡಲ್ಲಿ ಓ (o) ಒತ್ತಿ ನೋಡಿದ್ರೆ 25ಕ್ಕೆ ಸರಿಯಾಗಿ ಓಡ್ತಿದೆ, ಅದೇ ಮಂಟಪದ ಶಾಟು, ಕ್ಯಾಮೆರಾ ಬಾಳೆ ಕಂಬದಿಂದ ಆ ಕಡೆ ಭಾವನ ಮುಖದವರೆಗೂ ನೀರು ಹರಿದಂಗೆ ಹೋಯ್ತು. ನಾನು ಅದೊಂದನ್ನೇ ನಾಲ್ಕು ಸಲ ಹಾಕಿದ್ದಕ್ಕೆ ತಂಗಿ "ನನ್ ಮದುವೆ ನೋಡ್ತಿದ್ಯಾ ಕಂಬ ನೋಡ್ತಿದ್ಯಾ" ಅಂದ್ಲು.

ಒಂದು ಎಡವಟ್ಟು: ಪ್ಲೇ ಒತ್ತಿದ ತಕ್ಷಣ ಟಿವಿ ಎರಡು ಸೆಕೆಂಡ್ ಕಪ್ಪಗಾಗುತ್ತೆ, ಅಮ್ಮ ಕರೆಂಟ್ ಹೋಯ್ತು ಅಂತ ಎದ್ದು ಯುಪಿಎಸ್ ನೋಡಕ್ಕೆ ಹೋದ್ರು. ಅದ್ರ ಜೊತೆ ಶುರುವಿನ ಎರಡು ಮಾತೂ ನುಂಗಿಹೋಗುತ್ತೆ.

ಟೈಮ್‌ಲೈನ್ ಅಕ್ಕ:
ರೇಟ್ ಬದಲಾದ್ಮೇಲೆ ಸ್ವಲ್ಪ ಹೊತ್ತು ಕಾಯೋದಕ್ಕೆ ಒಂದು ಸೆಟ್ಟಿಂಗ್ ಇದೆ, ಎರಡು ಎರಡೂವರೆ ಸೆಕೆಂಡ್ ಕೊಡು, ಮಾತು ನುಂಗಲ್ಲ. ಕಪ್ಪಗಾಗೋದು ತಪ್ಪಲ್ಲ, ಟಿವಿಗೆ ಹೊಸ ರೇಟ್ ಹಿಡಿಯಕ್ಕೆ ಅಷ್ಟು ಹೊತ್ತು ಬೇಕು. ಅಮ್ಮಂಗೆ ಹೇಳಿಡು.

ಹನುಮಂತನಗರದ ಹುಡುಗ:
ಸರಿ ಆಯ್ತು ಅಕ್ಕ. ರಿಮೋಟಿಗೆ ಸದ್ಯಕ್ಕೆ ಒಂದು ಏರ್ ಮೌಸ್ ತಗೊಂಡೆ, ಅದ್ರಲ್ಲಿರೋ ನಲವತ್ತು ಬಟನ್ನಲ್ಲಿ ಆರು ಬಿಟ್ಟು ಉಳ್ದಿದ್ದಕ್ಕೆಲ್ಲ ಇನ್ಸುಲೇಶನ್ ಟೇಪ್ ಅಂಟ್ಸಿದೀನಿ. ಪಾಸ್‌ಥ್ರೂ ಆಫ್ ಮಾಡ್ಬಿಟ್ಟೆ ಸೀನಣ್ಣ, ಸ್ಟೀರಿಯೋ ಆದ್ರೂ ಪರ್ವಾಗಿಲ್ಲ, ಒಂದೇ ರಿಮೋಟಲ್ಲಿ ವಾಲ್ಯೂಮ್ ಆಗ್ಲಿ ಅಂತ.

ಸೌಂಡ್ ಸೀನ:
😭

ಹನುಮಂತನಗರದ ಹುಡುಗ:
ಮುಂಜಿ ವಿಸಿಡಿ ಎರಡು ಡಿಸ್ಕು ಕಾಪಿ ಆಯ್ತು, ಒಳಗೆ ಡಿಎಟಿ ಫೈಲ್ ಇತ್ತು, ಹಂಗೇ ಓಡ್ತು. 352 ಬೈ 288ನ 43 ಇಂಚಲ್ಲಿ ನೋಡೋದು ಅಂದ್ರೆ ಏನ್ ಹೇಳ್ಲಿ, ಹೋಮದ ಹೊಗೆ ಯಾವ್ದು ವಿಡಿಯೋ ಚೌಕಾ ಚೌಕ ಒಡ್ಯೋದು ಯಾವ್ದು ಗೊತ್ತಾಗಲ್ಲ. ಅಮ್ಮ ಎರಡು ಪಕ್ಕ ಕಪ್ಪು ಪಟ್ಟಿ ಯಾಕೆ, ಟಿವಿ ದೊಡ್ಡದಿದ್ಯಲ್ಲ ಪೂರ್ತಿ ಮಾಡು ಅಂದ್ರು, ಮಾಡ್ದೆ, ಎಲ್ರೂ ದಪ್ಪ ಆದ್ರು, "ನಿಮ್ಮಜ್ಜಿ ಇಷ್ಟು ದಪ್ಪ ಇರ್ಲಿಲ್ಲ, ಮೊದ್ಲಿನ್ ಥರನೇ ಮಾಡು" ಅಂದ್ರು.

ಮೂರನೇ ಡಿಸ್ಕ್ ಮಾತ್ರ ಅರ್ಧಕ್ಕೆ ನಿಂತು ರೀಡ್ ಎರರ್ ಬರ್ತಿದೆ. ಊಟದ ಪಂಕ್ತಿ ಅದ್ರಲ್ಲೇ ಇರೋದು. ಅಜ್ಜಿ ಬಡಿಸೋದು ಇದೆ ಅಂತ ಅಮ್ಮ ದಿನಾ ಕೇಳ್ತಿದಾರೆ.

ಡಿಕಾಕ್ಷನ್ ಗುರು:
ಮೆತ್ತನೆ ಬಟ್ಟೆಲಿ ನಡುವಿಂದ ಹೊರಕ್ಕೆ ಒರ್ಸು, ಸುತ್ತ ಸುತ್ತ ಒರ್ಸ್ಬೇಡ. ಮತ್ತೆ ಬೇರೆ ಡ್ರೈವಲ್ಲಿ ಹಾಕಿ ನೋಡು, ಒಂದು ಓದದೇ ಇರೋದನ್ನ ಇನ್ನೊಂದು ಓದುತ್ತೆ.

ಹನುಮಂತನಗರದ ಹುಡುಗ:
ಒರೆಸಿ ಆಯ್ತು ಗುರು. ಬೇರೆ ಡ್ರೈವ್ ಎಲ್ಲಿದೆ ಈ ಕಾಲದಲ್ಲಿ, ಯಾರ ಲ್ಯಾಪ್‌ಟಾಪಲ್ಲೂ ಇಲ್ಲ.

ಟೈಮ್‌ಲೈನ್ ಅಕ್ಕ:
ನನ್ ಹತ್ರ ಮೂರು ಹಳೇ ಡ್ರೈವ್ ಇದೆ, ಕ್ಲೈಂಟ್‌ಗಳ ಡಿಸ್ಕ್‌ಗೋಸ್ಕರನೇ ಎಸೀದೇ ಇಟ್ಕೊಂಡಿರೋದು. ಒಂದಂತೂ ಗೀರು ಬಿದ್ದಿರೋದನ್ನೂ ನಿಧಾನಕ್ಕೆ ಓದ್ಕೊಂಡ್ ಹೋಗುತ್ತೆ. ಭಾನುವಾರ ಬೆಳಗ್ಗೆ ತಗೊಂಡ್ಬಾ. ಡಿಸ್ಕನ್ನ ಕವರಲ್ಲಿ ಹಾಕ್ಕೊಂಡು ಬಾ, ಪ್ಯಾಂಟ್ ಜೇಬಲ್ಲಿ ಅಲ್ಲ.

ಹನುಮಂತನಗರದ ಹುಡುಗ:
ಬರ್ತೀನಿ ಅಕ್ಕ. ಎಲ್ಲಿಗೆ?

ಟೈಮ್‌ಲೈನ್ ಅಕ್ಕ:
ಶ್ರೀನಗರ ಬಸ್ ಸ್ಟ್ಯಾಂಡ್ ಹತ್ರ ಬಂದು ಮೆಸೇಜ್ ಹಾಕು. ಆ 4:2:2 ಕ್ಲಿಪ್ಪಿನ ಹಾರ್ಡ್ ಡಿಸ್ಕೂ ತಾ, ಹ್ಯಾಂಡ್‌ಬ್ರೇಕ್ ನಿನ್ನ ಮಿಷಿನ್ನಲ್ಲಿ ಹಾಕಿದ್ರೆ ಯುಗಾದಿಗೆ ಮುಗಿಯುತ್ತೆ.